ಕುರ್ಚಿ ಒತ್ತೆಯಿಟ್ಟ ಬೀದಿ

ಭಾನುವಾರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಿವೃತ್ತ ಬಸ್ ಕಂಡಕ್ಟರ್ ಪಕ್ಕದ ಮನೆಯ ದರ್ಜಿಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಮ್ಮ ಗೇಟು ದಾಟುತ್ತಿದ್ದರು. ಕಳ್ಳತನವಲ್ಲ, ಸಮಾಜಸೇವೆ.

ಕೆಲಸದಲ್ಲಿದ್ದಾಗ ಅಪರಿಚಿತರನ್ನು ಒಬ್ಬರ ಮೈಮೇಲೊಬ್ಬರು ಬೀಳುವಷ್ಟು ಹತ್ತಿರ ತಂದವರು ಅವರು. ಪರಿಚಿತರನ್ನು ಹತ್ತಿರ ತರುವುದು ಇನ್ನೂ ಸುಲಭ ಎಂದುಕೊಂಡು ಬೀದಿಯ ಸಭೆ ಕರೆದರು. ಮೊದಲ ಸಭೆಗೆ ಬಂದವರು ಅವರ ಹೆಂಡತಿ ಮತ್ತು ವಿಳಾಸ ಕೇಳಲು ನಿಂತ ಅಂಚೆಯವನು. ಆಗ ಹೊಳೆದದ್ದು ಈ ಉಪಾಯ: ಸಭೆಯ ದಿನ ಬೆಳಗ್ಗೆಯೇ ಪ್ರತಿ ಮನೆಯಿಂದ ಒಂದೊಂದು ಕುರ್ಚಿ ಎತ್ತಿಕೊಂಡು ಬಂದು ಅಂಗಳದಲ್ಲಿ ಜೋಡಿಸುವುದು. ಕುರ್ಚಿ ವಾಪಸ್ ಬೇಕೆಂದರೆ ಸಂಜೆ ಮನೆಯವರೇ ಬರಬೇಕು, ಸಭೆ ಮುಗಿಯುವವರೆಗೆ ಕೂರಬೇಕು. ನೆರೆಯವರ ಮೇಲಿನ ಪ್ರೀತಿಗೆ ಬಾರದವರು ಕುರ್ಚಿಯ ಮೇಲಿನ ಪ್ರೀತಿಗೆ ಬಂದರು. ತಮ್ಮದರಲ್ಲಿ ಬೇರೆಯವರು ಕೂತುಬಿಟ್ಟಾರೆಂದು ಹೊತ್ತಿಗೆ ಮುಂಚೆಯೇ ಬಂದರು. ಹೀಗೆ ಬೀದಿ ಒಗ್ಗಟ್ಟಾಯಿತು.

ಕೊನೆಯ ಮನೆಯೊಂದನ್ನು ಬಿಟ್ಟು. ಅದು ಕಂಡಕ್ಟರ್ ಅವರ ಸ್ವಂತ ತಮ್ಮನದು. ಹೋದ ವರ್ಷ ನೆರೆಹೊರೆಯ ಸಾಮರಸ್ಯ ಕುರಿತ ಸಭೆಯಲ್ಲಿ ತಮ್ಮ ಎದ್ದು ಚರಂಡಿಯ ಮಾತು ತೆಗೆದಿದ್ದ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅಣ್ಣ ಹಳೆಯ ಅಭ್ಯಾಸಬಲದಿಂದ ಸೀಟಿ ಊದಿ, "ಆಯ್ತು, ಮುಂದಿನವ್ರು!" ಅಂದುಬಿಟ್ಟರು. ಜನ ಬಿದ್ದು ಬಿದ್ದು ನಕ್ಕರು. ತಮ್ಮ ತನ್ನ ಕುರ್ಚಿ ಎತ್ತಿಕೊಂಡು ಮನೆಗೆ ನಡೆದ. ಸಾಮರಸ್ಯದ ಸಭೆಯಿಂದ ಕಣ್ಣಿಗೆ ಕಾಣುವಂಥ ಫಲಿತಾಂಶ ಬಂದದ್ದು ಅದೊಂದೇ.

ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಪ್ರತಿ ಸಭೆಯ ಆರಂಭದಲ್ಲಿ ಕಂಡಕ್ಟರ್, "ನಮ್ಮ ಬೀದಿಯ ಇಪ್ಪತ್ತೆರಡು ಮನೆಯವರಿಗೂ ಸ್ವಾಗತ" ಎನ್ನುತ್ತಿದ್ದರು. ಇರುವುದು ಇಪ್ಪತ್ತಮೂರು ಎಂದು ಎಲ್ಲರಿಗೂ ಗೊತ್ತಿತ್ತು. ಒಗ್ಗಟ್ಟಿನ ಬೀದಿಯಾದ್ದರಿಂದ ಎಲ್ಲರೂ ಒಟ್ಟಾಗಿ ಸುಮ್ಮನಿದ್ದರು.

ಕುರ್ಚಿ ಇಳಿಸುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ಎಲ್ಲಾ ಬಂತಾ?"

"ಬಂತು."

"ಊರವರ ಕುರ್ಚಿಗೆಲ್ಲ ತಲೆ ಕೊಡ್ತೀರಿ. ತಮ್ಮನ ಮುಂದೆ ಅದೇ ತಲೆ ತಗ್ಗಿಸೋಕೆ ಮಾತ್ರ ಕುತ್ತಿಗೆ ನೋವು."

"ಅವನು ಕೊಡಲ್ಲ ಕಣೇ."

"ಕೇಳಿದ್ರಾ?"

"ಕೇಳ್ಬೇಕಾ? ನಂಗೊತ್ತಿಲ್ವಾ ಅವನು?"

"ಒಂದೇ ಹೊಟ್ಟೇಲಿ ಹುಟ್ಟಿದೋರು ಅಂತ ಬೇರೆ ಸಾಕ್ಷಿ ಬೇಡ, ಬಿಡಿ."

ಕಂಡಕ್ಟರ್ ಕುರ್ಚಿಗಳನ್ನು ಬಸ್ಸಿನ ಸೀಟುಗಳಂತೆ ಸಾಲಾಗಿಟ್ಟರು. ಕೊನೆಯ ಸಾಲಿನಲ್ಲಿ ಒಂದು ಕುರ್ಚಿಯಷ್ಟು ಜಾಗ ಉಳಿಯಿತು. ಅದನ್ನೇ ನೋಡುತ್ತ ನಿಂತರು. ಆಮೇಲೆ ಚಪ್ಪಲಿ ಮೆಟ್ಟಿ ಕೊನೆಯ ಮನೆಗೆ ಹೋದರು.

ಬಾಗಿಲು ತೆರೆದ ತಮ್ಮ ಅಡಿಯಿಂದ ಮುಡಿಯವರೆಗೆ ನೋಡಿದ.

"ಏನ್ರೀ, ಸ್ಟಾಪ್ ತಪ್ಪಿ ಇಳಿದ್ರಾ?"

ಆ ಮನೆತನದಲ್ಲಿ ಮರ್ಯಾದೆ ಹೆಚ್ಚಾದರೆ ಕೋಪ ಹೆಚ್ಚಾಗಿದೆ ಎಂದರ್ಥ.

"ಕುರ್ಚಿ ಬೇಕಿತ್ತು. ನೀನೂ ಬೇಕಿತ್ತು."

"ಕುರ್ಚಿ ತಗೊಂಡು ಹೋಗಿ. ನಾನು ಬರ್ಬೇಕಂದ್ರೆ ಆ ಸೀಟಿ ಇಲ್ಲಿ ಬಿಟ್ಟು ಹೋಗಿ."

ಬಸ್ಸು ಬಿಟ್ಟಮೇಲೂ ಕೊರಳು ಬಿಡದಿದ್ದ ಸೀಟಿಯನ್ನು ಕಂಡಕ್ಟರ್ ಕಳಚಿ ಕೊಟ್ಟರು. ತಮ್ಮ ಒಳಗೆ ಹೋಗಿ, ಮನೆಯಲ್ಲೇ ಅತಿ ಭಾರದ ಕುರ್ಚಿಯನ್ನು ಆರಿಸಿ ತಂದು ಅಣ್ಣನ ತಲೆಗೇರಿಸಿದ.

ಸಂಜೆ ಕಂಡಕ್ಟರ್ ಸ್ವಾಗತದ ಮಾತನ್ನೇ ಹಾರಿಸಿದರು. ನೇರವಾಗಿ ತಮ್ಮನನ್ನೇ ಮಾತಿಗೆ ಕರೆದರು. ಚರಂಡಿಯ ಹುಟ್ಟು, ಇಳಿಜಾರು, ಅದರ ಶತ್ರುಗಳು ಎಂದು ತಮ್ಮ ಯಾವುದನ್ನೂ ಬಿಡಲಿಲ್ಲ. ಒಂದು ವರ್ಷ ಕೂಡಿಟ್ಟ ಮಾತು. ಕೂತವರು ಆಕಳಿಸಿದರು. ದರ್ಜಿ ಕುರ್ಚಿಯನ್ನು ಮೆಲ್ಲಗೆ ಗೇಟಿನ ಕಡೆ ಜರುಗಿಸುತ್ತ, "ಕಂಡಕ್ಟ್ರೇ, ಒಂದು ಸಲ ಸೀಟಿ ಊದಬಾರ್ದಾ?" ಎಂದು ಪಿಸುಗುಟ್ಟಿದ. ಕಂಡಕ್ಟರ್ ಬರಿಗೊರಳು ತೋರಿಸಿದರು.

ಭಾಷಣ ಮುಗಿದಾಗ ಭಾರೀ ಚಪ್ಪಾಳೆ ಬಿತ್ತು, ಮುಗಿಯಿತಲ್ಲ ಎಂಬ ಸಂತೋಷಕ್ಕೆ. ಕಂಡಕ್ಟರ್ ಮಾತ್ರ ಭಾಷಣಕ್ಕೇ ತಟ್ಟಿದರು.

ಕೂರುವ ಮುನ್ನ ತಮ್ಮ ತಿರುಗಿ ನೋಡಿದ.

"ಅಣ್ಣಾ, ಸ್ವಾಗತ ಹೇಳೋದೇ ಮರೆತುಬಿಟ್ಟೆಯಲ್ಲೋ. ನಮ್ಮ ಬೀದೀಲಿ ಒಟ್ಟು ಎಷ್ಟು ಮನೆ?"

ಕಂಡಕ್ಟರ್ ಎದ್ದು, ಗಂಟಲು ಸರಿಪಡಿಸಿಕೊಂಡು, ಕೊನೆಯ ಸಾಲಿಗೂ ಕೇಳುವಂತೆ ಹೇಳಿದರು:

"ಇಪ್ಪತ್ತಮೂರು."