ಲಿಫ್ಟಿಗೆ ಎಣ್ಣೆ ಆರಿಸುವ ಅಕ್ಕ

ಬೆಳಗಿನ ಆರು ಗಂಟೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಗ್ಯಾರೇಜಿನಲ್ಲಿ ಐವತ್ತರ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಗಿರಾಕಿಗಳ ಬಾಯಲ್ಲಿ ಅವರು 'ಆಯಿಲ್ ಅಕ್ಕ'. ಎದುರಿಗೆ ಎಣ್ಣೆಯ ಒತ್ತಡದಿಂದ ಕಾರನ್ನು ಆಳೆತ್ತರಕ್ಕೆ ಎತ್ತುವ ಎರಡು ಕಂಬದ ಲಿಫ್ಟು. ಅದರ ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆಗೆ ಬೆರಳದ್ದಿ, ತಿಕ್ಕಿ, ಮೂಸಿ ನೋಡುತ್ತಾರೆ. ಇಷ್ಟು ಬೇಗ ಯಾಕೆಂದರೆ, "ತಣ್ಣಗಿದ್ದಾಗ್ಲೇ ಎಣ್ಣೆ ಬಂಡವಾಳ ಬಯಲಾಗೋದು" ಎನ್ನುತ್ತಾರೆ.

ಇಂದು ಅವರ ಹುಬ್ಬು ಗಂಟಿಕ್ಕುತ್ತದೆ. "ಮೇಷ್ಟ್ರೇ, ಇದಕ್ಕೇನು ಹಾಕಿದ್ರಿ?"

"ಸ್ವಲ್ಪ ಕಮ್ಮಿ ಆಗಿತ್ತಮ್ಮ. ಬ್ರೇಕ್ ಆಯಿಲ್ ಇತ್ತು, ಸುರಿದೆ. ಅದೂ ಹೈಡ್ರಾಲಿಕ್ಕೇ ಅಲ್ವಾ?"

ಓದಿದವರೇ ಎಡವುವ ಜಾಗ ಇದು. ಬ್ರೇಕ್ ಆಯಿಲ್ ಸೋಕಿದರೆ ಈ ಲಿಫ್ಟಿನಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ. ಸೀಲು ಸೋರಿದರೆ ಮೇಲಿನ ಕಾರು ಇಳಿಯುತ್ತದೆ; ಕೆಳಗೆ ಯಾರಿದ್ದಾರೆಂದು ಅದು ಕೇಳುವುದಿಲ್ಲ. ಮೇಷ್ಟ್ರೋ, ತಮ್ಮ ಹಳೇ ಕಾರನ್ನು ತಾವೇ ರಿಪೇರಿ ಮಾಡಲು ಇಂದೇ ಅದರ ಕೆಳಗೆ ಹೋಗಬೇಕೆಂದು ಪಟ್ಟು ಹಿಡಿದಿದ್ದಾರೆ.

ಅಕ್ಕ ಈ ಕೆಲಸಕ್ಕಿಳಿದು ಇಪ್ಪತ್ತೆರಡು ವರ್ಷ. ಅದಕ್ಕೂ ಮೊದಲು ಅಣ್ಣನ ವರ್ಕ್‌ಶಾಪಿನಲ್ಲಿ ಕೈಯಾಳು. ಒಂದು ದಿನ ಲಿಫ್ಟಿಗೆ ಎಣ್ಣೆ ಕೇಳಿದ ಅಣ್ಣನಿಗೆ ಕೈಗೆ ಸಿಕ್ಕ ಡಬ್ಬಿ ಕೊಟ್ಟವರು ಇವರೇ. ಕೆಲವೇ ವಾರಗಳಲ್ಲಿ ಸೀಲು ಕೈಕೊಟ್ಟಿತು. ಕಾರನ್ನು ತಡೆದು ನಿಲ್ಲಿಸಬೇಕಿದ್ದ ಕಂಬದ ಲಾಕೂ ಸರಿಯಾಗಿ ಕೂತಿರಲಿಲ್ಲ. ಕಾರು ಕೆಳಗಿದ್ದ ಅಣ್ಣನ ಮೇಲೆ ಬಿತ್ತು. ಅಣ್ಣ ಮತ್ತೆ ಎದ್ದು ನಡೆಯಲಿಲ್ಲ.

"ಒಂದು ದಿನಾನೂ ಅವನು ನನ್ನ ಬೈಲಿಲ್ಲ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು" ಎನ್ನುವಾಗ ಅಕ್ಕನ ದನಿ ಏರುವುದಿಲ್ಲ, ಇಳಿಯುವುದಿಲ್ಲ.

ಈಗ ದಿನಕ್ಕೆ ಮೂರು ಮನೆ. ಯಂತ್ರದ ತಗಡಿನ ಮೇಲೆ ಎಣ್ಣೆಯ ದರ್ಜೆ ಮೂವತ್ತೆರಡು ಎಂದಿದ್ದರೆ ಆ ತೆಳು ಎಣ್ಣೆಯೇ, ನಲವತ್ತಾರು ಎಂದಿದ್ದರೆ ಆ ಮಂದ ಎಣ್ಣೆಯೇ. ಅಂದಾಜಿನ ಮಾತೇ ಇಲ್ಲ. ತುಂಬಿದ ಮೇಲೆ ಕಾರನ್ನೆತ್ತಿ, ಕಂಬಕ್ಕೆ ಸೀಮೆಸುಣ್ಣದ ಗೆರೆ ಎಳೆದು ಅರ್ಧ ಗಂಟೆ ಕಾಯುತ್ತಾರೆ. ಗೆರೆಯಿಂದ ಕೂದಲೆಳೆಯಷ್ಟು ಇಳಿದರೂ ಯಾರನ್ನೂ ಕೆಳಗೆ ಬಿಡುವುದಿಲ್ಲ.

ಮೇಷ್ಟ್ರ ಲಿಫ್ಟಿನ ಸ್ವಿಚ್ಚಿನ ಕೀಲಿಯನ್ನು ಅಕ್ಕ ಜೇಬಿಗೆ ಹಾಕಿಕೊಳ್ಳುತ್ತಾರೆ. "ಟ್ಯಾಂಕ್ ತೊಳೀಬೇಕು, ಸೀಲು ಹೊಸದು ಹಾಕ್ಬೇಕು. ಅಲ್ಲೀವರೆಗೂ ಇದು ನನ್ನ ಹತ್ರ." ಮೇಷ್ಟ್ರು ಮುಖ ಊದಿಸಿಕೊಳ್ಳುತ್ತಾರೆ. ಅಕ್ಕ ಜಗ್ಗುವುದಿಲ್ಲ.

ಸಂಜೆ ಮನೆ ಸೇರಿದಾಗ, ಗಾಲಿಕುರ್ಚಿಯಲ್ಲಿ ಕೂತ ಅಣ್ಣ ದಿನವೂ ಕೇಳುವುದನ್ನೇ ಕೇಳುತ್ತಾರೆ: "ಇವತ್ತು ಎಷ್ಟು ಜನ ಕೆಳಗೆ ಹೋದ್ರು?"

"ಇಬ್ಬರು, ಅಣ್ಣ. ಇಬ್ಬರೂ ನಡ್ಕೊಂಡೇ ಆಚೆ ಬಂದ್ರು" ಎಂದು ಅಕ್ಕ ಕೈ ಒರೆಸಿಕೊಳ್ಳುತ್ತಾರೆ. "ಇನ್ನೊಬ್ಬರನ್ನ ನಾನೇ ಬಿಡಲಿಲ್ಲ."