ಅಳಿಯನಾಗಿ ಬಂದ ಆಟಗಾರ

ಮೊನ್ನೆ ಆರ್.ಟಿ. ನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಪಕ್ಕದಲ್ಲೊಬ್ಬ ಯುವಕ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆ ಕಡೆಯ ಬಸ್ಸು ಎರಡು ಬಂದವು. ನೋಡುತ್ತಲೇ ಇದ್ದೆ, ಹತ್ತಲಿಲ್ಲ. ವಯಸ್ಸಾದವರಿಗೆ ಇದೊಂದು ಕಾಯಿಲೆ ಎನ್ನುತ್ತಾಳೆ ನನ್ನ ಸೊಸೆ. ಇರಬಹುದು. ಆದರೆ ಆ ವಾಸನೆಯ ಹಿಂದೆ ಒಂದು ಊರಿದೆ, ಏಳು ಜನ ಆಟಗಾರರಿದ್ದಾರೆ, ಅವರಿಗಾಗಿ ನಾವು ಕಾದಾಡಿದ ಸಂಜೆಗಳಿವೆ, ನನ್ನ ತಂಗಿ ಇದ್ದಾಳೆ. ನಿಮಗೂ ಬಿಡುವಿದ್ದರೆ ಕೇಳಿ.

ನಾನು ಬೆಳೆದದ್ದು ಯಲಹಂಕದಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೂರಿನ ಕಬಡ್ಡಿ ಸಂಘಕ್ಕೆ ಬೋರ್ಡಿನ ಮೇಲೆ ಮಾರುದ್ದದ ಹೆಸರಿತ್ತು. ಜನ ಮಾತ್ರ ‘ಪೇಟೆ ಟೀಮು’ ಎನ್ನುತ್ತಿದ್ದರು. ಆ ಟೀಮಿಗಾಗಿ ನಾನೂ ಒಮ್ಮೆ ಆಡಿದ್ದುಂಟು. ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಗೆರೆ ದಾಟಿದೆ, ಎದುರಿಗಿದ್ದ ಏಳು ಮುಖಗಳನ್ನು ನೋಡಿದೆ, ಉಸಿರು ಬಿಟ್ಟುಬಿಟ್ಟೆ. ಯಾರೂ ಮುಟ್ಟದೆಯೇ ಔಟಾಗಿ ಬಂದವನು ಆ ಸುತ್ತಿನಲ್ಲೆಲ್ಲ ನಾನೊಬ್ಬನೇ. ಅಂದಿನಿಂದ ಗೆರೆಯ ಹೊರಗೆ ನಿಂತು ಅಭಿಪ್ರಾಯ ಹೇಳುವುದೇ ನನ್ನ ಆಟವಾಯಿತು. ಅದರಲ್ಲಿ ಮಾತ್ರ ನನ್ನ ಉಸಿರು ಎಂದೂ ಕಟ್ಟಲಿಲ್ಲ.

ಆ ವರ್ಷ ನಮ್ಮ ಇಬ್ಬರು ಒಳ್ಳೆಯ ಆಟಗಾರರಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕೆಲಸದ ಜೊತೆಗೆ ಅವರ ಟೀಮಿನಲ್ಲಿ ಜಾಗವೂ ಸಿಕ್ಕಿತು. ನಮಗೆ ಉಳಿದದ್ದು ಸೊಂಟ ಬಗ್ಗದ ಹಳಬರು, ಮೀಸೆ ಚಿಗುರದ ಹೊಸಬರು. ಹೆಬ್ಬಾಳದವರ ಎದುರು ಎಂಥ ಸೋಲು ಸೋತೆವೆಂದರೆ, ಆಮೇಲೆ ಒಂದು ವಾರ ನಾನು ಆ ದಾರಿಯಲ್ಲಿ ಸೈಕಲ್ಲು ತುಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ಚರ್ಚೆ. ನಾನು ಬೀಜದಂಗಡಿಯಲ್ಲಿ ಗುಮಾಸ್ತೆ. ಸಂಜೆ ಅಂಗಡಿ ಬಿಟ್ಟವನೇ ಖಾದರ್ ಸಾಬರ ಟೈಲರ್ ಅಂಗಡಿಯ ಬೆಂಚಿಗೆ ಬಂದು ಕೂರುತ್ತಿದ್ದೆ. ಕೂರುತ್ತಿದ್ದೆ ಎನ್ನುವುದೂ ಸುಳ್ಳು. ಎದ್ದು ಓಡಾಡುತ್ತಲೇ ಮಾತಾಡುತ್ತಿದ್ದೆ. ಹಿಟ್ಟಿನ ಗಿರಣಿಯ ರುದ್ರಣ್ಣ ತಲೆಗೂದಲಲ್ಲಿ ರಾಗಿಹಿಟ್ಟು ಹೊತ್ತುಕೊಂಡೇ ಬರುತ್ತಿದ್ದ.

“ನಮ್ ಹುಡುಗ್ರನ್ನೇ ತಯಾರ್ ಮಾಡ್ಬೇಕು ಕಣಯ್ಯಾ. ಎರಡು ವರ್ಷ ಸೋಲೋಣ, ಏನೀಗ?” ಎನ್ನುತ್ತಿದ್ದ ರುದ್ರಣ್ಣ.

“ಎರಡು ವರ್ಷ ಹೆಬ್ಬಾಳದವರಿಗೆ ಮುಖ ಹೆಂಗ್ ತೋರ್ಸೋದು ರುದ್ರಣ್ಣ? ತಯಾರಾಗಿರೋನನ್ನ ತರ್ಬೇಕು,” ಎನ್ನುತ್ತಿದ್ದೆ ನಾನು.

ಖಾದರ್ ಸಾಬರು ಮಿಷನ್ನು ನಿಲ್ಲಿಸಿ ತೀರ್ಪು ಕೊಡುತ್ತಿದ್ದರು: “ಅಂಗಿ ಹೊಲಿಸೋದಾ, ರೆಡಿಮೇಡ್ ತರೋದಾ, ಅಷ್ಟೇ ವಿಷ್ಯ. ನಾನು ಹೊಲಿಸಿ ಅಂತೀನಿ. ನನ್ ಕಸುಬೇ ಅದಲ್ವಾ!”

ನಾನು ಕೇಳಲಿಲ್ಲ. ಭಾನುವಾರಗಳಂದು ಸೈಕಲ್ಲು ತುಳಿದುಕೊಂಡು ಸುತ್ತಲಿನ ಊರುಗಳಲ್ಲಿ ಆಟಗಾರರನ್ನು ಹುಡುಕತೊಡಗಿದೆ. ತುಮಕೂರು ರಸ್ತೆಯ ಮಾಕಳಿಯಲ್ಲಿ ಮುನಿರಾಜು ಕಣ್ಣಿಗೆ ಬಿದ್ದ. ಕಡ್ಡಿಯಂಥ ಎತ್ತರದ ಆಳು. ನಾಲ್ಕು ಜನ ಬಂದು ಸೊಂಟ ಹಿಡಿದರೂ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟಿದ. ಎದ್ದು ನಿಂತು, ಬಿದ್ದವರ ಮೈಮೇಲಿನ ಮಣ್ಣನ್ನು ತಾನೇ ಕೊಡವಿದ. ನಾನು ನೋಡಿದ್ದು ಅವನ ಕಾಲನ್ನು ಮಾತ್ರ.

ಆದರೆ ಯಶವಂತಪುರದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಂದ್ಯಗಳಿಗೆ ಒಂದು ನಿಯಮವಿತ್ತು. ಆಡುವವನು ಆಯಾ ಊರಿನವನೇ ಆಗಿರಬೇಕು, ಇಲ್ಲವೇ ಆ ಊರಿನ ಅಳಿಯನಾಗಿರಬೇಕು. ಇದನ್ನು ಬೆಂಚಿನ ಮುಂದೆ ಹೇಳಿದೆ. ಎಲ್ಲರೂ ನನ್ನ ಕಡೆ ನೋಡಿದರು. ಮದುವೆಯ ವಯಸ್ಸಿಗೆ ಬಂದ ತಂಗಿ ನನ್ನ ಮನೆಯಲ್ಲೇ ಇದ್ದಳು.

ಜಯಮ್ಮ ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಟೀಚರ್ ಟ್ರೈನಿಂಗಿಗೆ ಹೋಗಬೇಕೆಂದು ಅಪ್ಪನನ್ನು ಕಾಡಿ, ಅರ್ಜಿ ತುಂಬಿ, ಲಕೋಟೆಗೆ ಅಂಟು ಹಚ್ಚಿ ನನ್ನ ಕೈಗೆ ಕೊಟ್ಟಿದ್ದಳು: “ಅಣ್ಣ, ಅಂಗಡಿಗೆ ಹೋಗ್ತಾ ಪೋಸ್ಟ್‌ಗೆ ಹಾಕ್ಬಿಡು. ಮರೀಬೇಡ ಕಣೋ.”

ನಾನು ಮರೆಯಲಿಲ್ಲ. ಪೋಸ್ಟ್ ಡಬ್ಬಿಯ ಮುಂದೆ ಸೈಕಲ್ಲು ನಿಲ್ಲಿಸಿ ಯೋಚಿಸಿದೆ. ಸೀಟು ಸಿಕ್ಕರೆ ಮದುವೆ ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ಅಷ್ಟು ದಿನ ಮುನಿರಾಜುವನ್ನು ಬೇರೆ ಯಾರೂ ಕರೆದುಕೊಳ್ಳದೆ ಬಿಡುತ್ತಾರೆಯೇ? ನಾಳೆ ಹಾಕೋಣ ಎಂದುಕೊಂಡೆ. ಆ ನಾಳೆ ಟ್ರಂಕಿನಲ್ಲಿ, ನನ್ನ ಮಡಿಸಿದ ಪಂಚೆಗಳ ಕೆಳಗೆ ಹೋಗಿ ಕುಳಿತಿತು.

ಮುನಿರಾಜುವಿನ ಸಂಬಂಧದ ಮಾತೆತ್ತಿದಾಗ ಅಪ್ಪ ಹುಡುಗನ ಬಗ್ಗೆ ವಿಚಾರಿಸಿದರು. ಹೊಲವಿದೆ, ಎತ್ತುಗಳಿವೆ, ಕುಡಿತವಿಲ್ಲ ಎಂದೆ. “ನೀನು ನೋಡಿದ್ದೀಯಲ್ಲ, ಸಾಕು ಬಿಡು,” ಎಂದರು ಅಪ್ಪ. ಆ ಮಾತು ಈಗಲೂ ಚುಚ್ಚುತ್ತದೆ. ಸಂಜೆ ಜಯಮ್ಮ ಹಿತ್ತಲಲ್ಲಿ ಕೇಳಿದಳು:

“ಅಣ್ಣ, ಅವರು ಹೇಗಿದ್ದಾರೆ?”

“ಎಡಗಾಲು ನೋಡ್ಬೇಕು ನೀನು! ಹಿಂದಕ್ಕೆ ಬೀಸಿದ್ರೆ ಇಬ್ಬರು ಔಟು.”

“ಮನುಷ್ಯ ಹೇಗಿದ್ದಾರೆ ಅಂತ ಕೇಳ್ದೆ.”

ನನಗೆ ಗೊತ್ತಿರಲಿಲ್ಲ. “ಒಳ್ಳೆಯವನೇ,” ಎಂದೆ. ಆಕೆ ಟ್ರೈನಿಂಗಿನವರ ಉತ್ತರಕ್ಕಾಗಿ ಕಾದಳು. ದಿನವೂ ಪೋಸ್ಟ್‌ಮನ್ ಬರುವ ಹೊತ್ತಿಗೆ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಉತ್ತರ ಬರಲಿಲ್ಲ. ವೈಶಾಖದಲ್ಲಿ ಮದುವೆಯಾಯಿತು.

ಪೇಟೆ ಟೀಮಿಗೆ ಅದು ಹಬ್ಬದ ವರ್ಷ. ಮುನಿರಾಜು ಆಡಿದ ಪಂದ್ಯಗಳೆಲ್ಲ ನಮ್ಮವಾದವು. ಹೆಬ್ಬಾಳದವರನ್ನು ಸೋಲಿಸಿದ ದಿನ ಜನ ನನ್ನನ್ನೇ ಹೆಗಲ ಮೇಲೆ ಹೊತ್ತರು. ಉಸಿರು ಬಿಟ್ಟು ಔಟಾದವನನ್ನು! ರುದ್ರಣ್ಣನೊಬ್ಬ ಮಾತ್ರ ಗಿರಣಿಯ ಹಿಂದಿನ ಬಯಲಿನಲ್ಲಿ ಊರಿನ ಹೊಸಬರಿಗೆ ಪಾಠ ಹೇಳಿಕೊಡುವುದನ್ನು ಬಿಟ್ಟಿರಲಿಲ್ಲ. ನಾನು ಅವನನ್ನು ಗೇಲಿ ಮಾಡುತ್ತಿದ್ದೆ.

ಕೊನೆಯ ಪಂದ್ಯ ಗೌರಿ ಹಬ್ಬದ ಆಸುಪಾಸಿನಲ್ಲಿ ಬಿತ್ತು. ಜಯಮ್ಮ ಗಂಡನೊಂದಿಗೆ ತವರಿಗೆ ಬಂದಿದ್ದಳು. ಪಂದ್ಯದ ದಿನ ಬೆಳಿಗ್ಗೆ ನಾನು ಜನ ಸೇರಿಸಲು ಮೊದಲೇ ಯಶವಂತಪುರಕ್ಕೆ ಹೊರಟುಹೋದೆ. ಗಂಡನಿಗೆ ಉಡಲು ಒಗೆದ ಪಂಚೆ ಬೇಕೆಂದು ಆಕೆ ನನ್ನ ಟ್ರಂಕು ತೆಗೆದದ್ದು ಆಮೇಲೆ.

ಮಧ್ಯಾಹ್ನ ಮುನಿರಾಜು ಮೈದಾನಕ್ಕೆ ಬಂದ. ಉಳಿದ ಆರು ಜನ ಅಂಗಿ ಬಿಚ್ಚಿ, ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ನಿಂತಿದ್ದರು. ಅವನು ಅಂಗಿಯ ಗುಂಡಿ ಕೂಡ ಬಿಚ್ಚಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದ.

“ಭಾವ, ಒಂದ್ ಮಾತ್ ಕೇಳ್ತೀನಿ. ಜಯಮ್ಮ ಕೊಟ್ಟಿದ್ ಅರ್ಜೀನ ಯಾಕೆ ಪೋಸ್ಟ್‌ಗೆ ಆಕ್ಲಿಲ್ಲ?”

“ಮರೆತುಹೋಯ್ತು ಕಣೋ,” ಎಂದೆ.

“ಮರ್ತೋಗಿದ್ರೆ ಪಂಚೆ ಕೆಳಕ್ಕೆ ಎಂಗ್ ಸೇರ್ತು?”

ರುದ್ರಣ್ಣ, ಖಾದರ್ ಸಾಬರು, ಇಡೀ ಪೇಟೆ ನನ್ನ ಸುತ್ತ ನಿಂತಿತ್ತು.

“ಆಟಕ್ಕೋಸ್ಕರ ನನ್ನ ಅಳಿಯನ್ ಮಾಡ್ಕೊಂಡ್ರಿ ಅಂತ ಗೊತ್ತಿತ್ತು ಭಾವ,” ಎಂದ ಮುನಿರಾಜು. ಅವನ ದನಿ ಏರಲಿಲ್ಲ. “ಅದ್ರಾಗೆ ನಂಗೇನ್ ಬೇಜಾರು? ಒಳ್ಳೆ ಎಂಡ್ತಿ ಸಿಕ್ಕಿದ್ಲು. ಅವಳ ಓದು ಕಿತ್ಕೊಂಡು ನನ್ನ ತಂದ್ರಿ ಅಂತ ಗೊತ್ತಿರ್ಲಿಲ್ಲ. ಆಡ್ಬೇಡಿ ಅಂತ ಅವಳೇನೂ ಏಳ್ಲಿಲ್ಲ. ನಂಗೇ ಕಾಲ್ ಬರ್ತಿಲ್ಲ.”

ಅಷ್ಟು ಹೇಳಿ ಹೊರಟ. ನಾನು ಹಿಂದೆ ಓಡಿದೆ. ಕ್ಷಮೆ ಕೇಳಲು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ನಾನು ಕೂಗಿದ್ದು, “ಇವತ್ತೊಂದು ದಿನ ಆಡ್ಬಿಡೋ!” ಎಂದು. ಅವನು ತಿರುಗಿ ನೋಡಲಿಲ್ಲ.

ರುದ್ರಣ್ಣ ತಾನು ತಯಾರು ಮಾಡಿದವರಲ್ಲಿ ಒಬ್ಬನನ್ನು ಇಳಿಸಿದ. ಸೋತೆವು, ಆದರೆ ಕೊನೆಯ ಉಸಿರಿನವರೆಗೂ ಕಾದಾಡಿ ಸೋತೆವು. ಮರುವರ್ಷ ಅದೇ ಹುಡುಗರು ಗೆದ್ದರಂತೆ. ನಾನು ನೋಡಲು ಹೋಗಿರಲಿಲ್ಲ.

ಮುಂದಿನ ಸಲ ಅರ್ಜಿ ಕರೆದಾಗ ಮುನಿರಾಜು ಯಾರ ಕೈಗೂ ಕೊಡದೆ, ತಾನೇ ಸೈಕಲ್ಲು ತುಳಿದುಕೊಂಡು ಹೋಗಿ ಕಚೇರಿಯಲ್ಲಿ ತಲುಪಿಸಿ ಬಂದ. ಜಯಮ್ಮ ಹಾಸ್ಟೆಲಿನಲ್ಲಿದ್ದು ಓದಿದಳು, ಮಾಸ್ತರಿಣಿಯಾದಳು. ಮನೆಯ ಸೊಸೆ ಓದಲು ಊರು ಬಿಟ್ಟಳೆಂದು ಆಡಿಕೊಂಡವರಿಗೆ ಅವನು ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲವಂತೆ. ಯಲಹಂಕಕ್ಕಾಗಿ ಅವನು ಮತ್ತೆಂದೂ ಆಡಲಿಲ್ಲ. ಜಯಮ್ಮ ನನ್ನೊಡನೆ ಎರಡು ವರ್ಷ ಮಾತಾಡಲಿಲ್ಲ. ಆಮೇಲೆ ಅಪ್ಪನ ಕಾಯಿಲೆಯ ಸಮಯದಲ್ಲಿ, “ಔಷಧಿ ಹೊತ್ತಿಗೆ ಸರಿಯಾಗಿ ಕೊಡ್ತಿದ್ದೀಯಾ?” ಎಂದಳು. ಮಾತು ಮತ್ತೆ ಶುರುವಾಯಿತು. ಆ ವಿಷಯ ಮಾತ್ರ ನಮ್ಮಿಬ್ಬರ ಬಾಯಿಗೂ ಬರಲಿಲ್ಲ. ಹಬ್ಬಗಳಿಗೆ ಅವಳ ಮನೆಗೆ ಹೋದಾಗಲೆಲ್ಲ ನಾನು ಊಟ ಮುಗಿಸಿ, ಕೈ ತೊಳೆದು, ಏನೋ ಕೆಲಸದ ನೆಪ ಹೇಳಿ ಎದ್ದುಬಿಡುತ್ತಿದ್ದೆ.

ಮೊನ್ನೆ ಮಾತ್ರ ಕಾಲು ಮನೆಯ ಕಡೆ ತಿರುಗಲಿಲ್ಲ. ಯಶವಂತಪುರಕ್ಕೆ ಹೋಗಿ, ಬಸ್ಸು ಬದಲಿಸಿ, ಮಾಕಳಿಗೆ ಹೋದೆ. ಜಯಮ್ಮ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ, ಎಲ್ಲಿ ಕೂತರೆ ಧೈರ್ಯ ಹೋಗುತ್ತದೋ ಎಂದು:

“ಜಯಾ, ಆ ಅರ್ಜಿ... ನಾನು ಮರೆತಿರ್ಲಿಲ್ಲ. ಬೇಕಂತಲೇ ಇಟ್ಕೊಂಡೆ. ತಪ್ಪು ಮಾಡ್ದೆ.”

ಆಕೆ ಕೈಯಲ್ಲಿದ್ದ ಕಾಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ತಲೆ ಎತ್ತಿದಳು.

“ದಿನಾ ಜಗಲಿ ಮೇಲೆ ನಿಂತು ಕಾಯ್ತಿದ್ನಲ್ಲ ಅಣ್ಣ, ನೀನು ನನ್ನ ಪಕ್ಕದಲ್ಲೇ ಹಾದು ಹೋಗ್ತಿದ್ದೆ. ಅದನ್ನ ಮರೆಯೋಕೆ ಆಗಲ್ಲ. ಆದ್ರೆ ನೀನು ಆ ಅರ್ಜೀನ ಹಾಕಿದ್ರೆ ಇವರು ಸಿಕ್ತಿರ್ಲಿಲ್ಲ. ಹೀಗಾಗಿ ನಿನ್ನ ಪೂರ್ತಿ ಬೈಯೋಕೂ ಆಗಲ್ಲ, ಪೂರ್ತಿ ಬಿಡೋಕೂ ಆಗಲ್ಲ.”

ಒಳಗಿನಿಂದ ಮುನಿರಾಜುವಿನ ದನಿ ಕೇಳಿತು: “ಯಾರೇ ಅದು?”

“ಅಣ್ಣ ಬಂದಿದ್ದಾನೆ,” ಎಂದಳು ಜಯಮ್ಮ. ಮತ್ತೆ ನನ್ನತ್ತ ತಿರುಗಿ, ಅವರೆಕಾಯಿಯ ಮೊರವನ್ನು ಸ್ವಲ್ಪ ಸರಿಸಿ, ಚಾಪೆಯ ಮೇಲೆ ಜಾಗ ಮಾಡಿದಳು. ಕೂತೆ. ಸಂಜೆಯವರೆಗೂ ಏಳಲಿಲ್ಲ.