ಸಾಲು ಮಾತ್ರ ನೆಟ್ಟಗಿತ್ತು

೧೯೯೧ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಪುಣೆಯಲ್ಲಿ ನೆಲಕ್ಕೆ ಫರ್ಶಿ ಕಲ್ಲು ಹಾಸುವ ಕೆಲಸ ಹಿಡಿದವನು ನಾನು. ನಮ್ಮ ಕನ್ನಡ ಚರ್ಚಿಗೆ ಫರ್ಶಿ ಹಾಕಿದವನೂ ನಾನೇ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ನಿಂತವರ ಸಾಲು ಸೊಟ್ಟಗಾದರೆ ಗದರಿಸುವವನೂ ನಾನೇ.

ಕಳೆದ ಭಾನುವಾರ ಪಾಸ್ಟರು ವಿಧೇಯತೆಯ ಬಗ್ಗೆ ಪ್ರಸಂಗ ಮಾಡಿ, "ಯಾರ ಮ್ಯಾಲ ಸಿಟ್ಟದ, ಅವರ ಕೈ ಹಿಡದು ಸಮಾಧಾನ ಆಗ್ರಿ. ಆಮ್ಯಾಲೇ ಭೋಜನಕ್ಕ ಬರ್ರಿ" ಎಂದರು. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಯಾರು ಯಾರ ಹತ್ತಿರ ಹೋಗುತ್ತಾರೋ ನೋಡೋಣವೆಂದು ಆರಾಮಾಗಿ ಕುಳಿತೆ.

ತಬಲಾ ಬಾರಿಸುವ ಸುಂದರಪ್ಪ ನೇರ ನನ್ನ ಬಳಿಯೇ ಬಂದು ಕೈ ಹಿಡಿದ. "ಸಿಟ್ಟು ಬಿಟ್ಟೀನ್ರಿ ಅಣ್ಣಾ." ಅವನ ಹಿಂದೆ ಹಾಡುವ ಹೆಣ್ಣುಮಕ್ಕಳು, ಅವರ ಹಿಂದೆ ಹಿರಿಯರು. ಅರ್ಧ ಸಭೆಯೇ ನನ್ನೆದುರು ನಿಂತಿತು. ನೋಡಿದರೆ ನಡುವೆ ನನ್ನ ಹೆಂಡತಿ!

"ನೀ ಯಾಕ ಬಂದಿ?"

"ಮನ್ಯಾಗ ನನ್ನ ಪಾಳಿ ಬರೂದಿಲ್ರಿ."

ಕೊನೆಗೆ ಪಾಸ್ಟರೂ ಇಳಿದು ಬಂದು ಎಲ್ಲರ ಹಿಂದೆ ನಿಂತರು. ಸಾಲು ಮಾತ್ರ ದಾರ ಹಿಡಿದಂತೆ ನೆಟ್ಟಗಿತ್ತು. ಕಲಿಸಿದವನು ನಾನೇ ಅಲ್ಲವೇ!

ಈಗ ನನಗಿರುವುದಿಷ್ಟು: ಒಂದು ಟೆಂಪೊ, ಫರ್ಶಿ ಕತ್ತರಿಸುವ ಎರಡು ಮಷಿನ್, ಸಮಾಧಾನವಾದ ಒಂದು ಸಭೆ, ಮತ್ತು ಮನೆಯಲ್ಲಿ ಮಾತಾಡಲು ಪಾಳಿ ಸಿಕ್ಕ ಒಬ್ಬ ಹೆಂಡತಿ.